ಪಾಲಿಶ್ ಹಾಕಿದ ಸದ್ದು, ಹಾಕದ ಸದ್ದು

ಒಬ್ಬರು ಶಹಾಬಾದಿನವರು. ಹಗಲು ಪರ್ಸಿ ಕಲ್ಲಿನ ಪಾಲಿಶ್ ಕೆಲಸ, ಮದುವೆ-ಜಾತ್ರೆಗಳ ಕಾಲದಲ್ಲಿ ಬ್ಯಾಂಡ್ ಪಾರ್ಟಿಯಲ್ಲಿ ಬ್ಯಾಂಜೊ ಮತ್ತು ಕೀಬೋರ್ಡ್. ಇನ್ನೊಬ್ಬರು ವಾಡಿಯಲ್ಲಿ ನೆಲೆಸಿ ಹಳೆಯ ರಾಕ್ ಸಂಗೀತವನ್ನು ಕೇಳುತ್ತ ಬಂದವರು. ಇದು ಅವರಿಬ್ಬರ ಮಾತು.

ನುಡಿಸುವವ: ನೀವು ಫೋನಿಗೆ ಹಾಕಿಕೊಟ್ಟ ಎರಡೂ ಆಲ್ಬಂ ಕೇಳಿದೆ. ಒಂದು 1973ರದು, ಇನ್ನೊಂದು 2009ರದು. ಎರಡೂ ನ್ಯೂಯಾರ್ಕ್ ಡಾಲ್ಸ್ ಅನ್ನುವ ಒಂದೇ ಬ್ಯಾಂಡಿನವು ಅಂದಿರಿ. ಹಾಡುವವನ ಗಂಟಲು ಒಂದೇ ಅಂತ ತಿಳಿಯುತ್ತದೆ, ಉಳಿದದ್ದೆಲ್ಲ ಬೇರೆ. ಮೊದಲನೆಯದರಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನುಡಿಸುತ್ತಾರೆ. ಎರಡನೆಯದರಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟು ನುಡಿಸುತ್ತಾರೆ.

ಕೇಳುವವ: ಸರಿಯಾಗಿ ಹಿಡಿದಿರಿ. ಎರಡನ್ನೂ ನಿರ್ಮಿಸಿದವರು ಒಬ್ಬರೇ, ಟಾಡ್ ರಂಡ್‌ಗ್ರೆನ್. ನಡುವೆ 36 ವರ್ಷ ಹೋಗಿವೆ. 1971ರಲ್ಲಿ ಶುರುವಾದ ಬ್ಯಾಂಡ್ ಅದು. ಗಿಟಾರ್ ನುಡಿಸುತ್ತಿದ್ದ ಸಿಲ್ವೇನ್ ಸಿಲ್ವೇನ್ ಕೆಲಸಕ್ಕಿದ್ದ ಬಟ್ಟೆ ಅಂಗಡಿಯ ಎದುರಿಗೆ ಗೊಂಬೆಗಳನ್ನು ರಿಪೇರಿ ಮಾಡುವ ಅಂಗಡಿಯೊಂದಿತ್ತು, ನ್ಯೂಯಾರ್ಕ್ ಡಾಲ್ ಹಾಸ್ಪಿಟಲ್ ಅಂತ. ಹೆಸರು ಅಲ್ಲಿಂದ ಬಂತು. ಹಾಡುತ್ತಿದ್ದವರು ಡೇವಿಡ್ ಜೊಹಾನ್ಸನ್. ಇನ್ನೊಂದು ಗಿಟಾರ್ ಜಾನಿ ಥಂಡರ್ಸ್‌ದು. ಕೈಗೆ ಸಿಕ್ಕ ವಾದ್ಯ, ಮೂರು-ನಾಲ್ಕು ಸ್ವರಮೇಳ, ಜೋರು ಸದ್ದು, ಮೈತುಂಬ ಮಿರುಗುವ ಬಟ್ಟೆ. ಅಮೆರಿಕದ ಹುಡುಗರು 1960ರ ದಶಕದಲ್ಲಿ ಮನೆಯ ಕಾರ್ ಶೆಡ್ಡಿನಲ್ಲಿ ತಾಲೀಮು ಮಾಡುತ್ತಿದ್ದ ಒರಟು ಸಂಗೀತಕ್ಕೆ ಗ್ಯಾರೇಜ್ ಅನ್ನುತ್ತಾರೆ. ಲಂಡನ್ನಿನಲ್ಲಿ ಮಿನುಗು ಬಳಿದುಕೊಂಡು ವೇದಿಕೆ ಏರಿದವರದು ಗ್ಲಾಮ್. ಈ ಬ್ಯಾಂಡ್ ಎರಡನ್ನೂ ಒಂದೇ ಮೈಮೇಲೆ ಹಾಕಿಕೊಂಡಿತು. 1976ರ ಆಚೀಚೆ ಪಂಕ್ ಅಂತ ಜಗತ್ತು ಕರೆದದ್ದಕ್ಕೆ ದಾರಿ ತೆಗೆದವರಲ್ಲಿ ಇವರೂ ಇದ್ದರು.

ನುಡಿಸುವವ: ಮೊದಲ ಆಲ್ಬಮ್ಮಿನ ಹೊದಿಕೆಯ ಫೋಟೊದಲ್ಲಿ ಗಂಡಸರು ತುಟಿಗೆ ಬಣ್ಣ ಹಚ್ಚಿ, ಹಿಮ್ಮಡಿ ಎತ್ತರದ ಬೂಟು ಹಾಕಿ ಕೂತಿದ್ದಾರೆ. ಅದನ್ನು ನೋಡಿ ಆಗ ಜನ ಏನು ಅಂದರು?

ಕೇಳುವವ: ಎರಡು ಪಂಗಡವಾದರು. ಕ್ರೀಮ್ ಅನ್ನುವ ಸಂಗೀತ ಪತ್ರಿಕೆಯ ಓದುಗರು ಆ ವರ್ಷ ಇವರನ್ನೇ ಅತ್ಯುತ್ತಮ ಹೊಸ ಬ್ಯಾಂಡ್ ಅಂತಲೂ ಆರಿಸಿದರು, ಅತಿ ಕೆಟ್ಟ ಬ್ಯಾಂಡ್ ಅಂತಲೂ ಆರಿಸಿದರು.

ನುಡಿಸುವವ: ನಮ್ಮ ಕಡೆಯವರಿಗೆ ಆ ಫೋಟೊ ಅಷ್ಟು ಹೊಸದಲ್ಲ. ದೊಡ್ಡಾಟದಲ್ಲಿ ಗಂಡಸೇ ಸ್ತ್ರೀಪಾತ್ರ ಕಟ್ಟಿ ಬೆಳತನಕ ಕುಣಿದದ್ದನ್ನು ನಮ್ಮ ಹಿಂದಿನವರು ನೋಡಿದ್ದಾರೆ. ರಾಜನ ಪಾತ್ರದವನ ಭುಜಕೀರ್ತಿ, ಕಿರೀಟ, ಎದೆಯ ಹಲಗೆಯ ಮೇಲಿನ ಕನ್ನಡಿ ಚೂರುಗಳನ್ನು ನೆನೆಸಿಕೊಳ್ಳಿ. ಮೊಹರಂ ಬಂದರೆ ಹರಕೆ ಹೊತ್ತವರು ಮೈಗೆ ಹುಲಿ ಬಣ್ಣ ಬಳಿಸಿಕೊಂಡು ಹಲಗಿಯ ಮುಂದೆ ಕುಣಿಯುತ್ತಾರೆ. ಅದರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಅಂತ ವಿಂಗಡಿಸಲು ಆಗುವುದಿಲ್ಲ. ಚಿಂಚೋಳಿ ಕಡೆ ತಾಂಡಾಗಳಿಗೆ ಹೋದರೆ ಲಂಬಾಣಿ ಹೆಂಗಸರ ಉಡುಪಿನ ಕನ್ನಡಿ, ನಾಣ್ಯ, ಕವಡೆ ಎಲ್ಲವೂ ಕುಣಿತದಲ್ಲಿ ತಾವೇ ಸದ್ದು ಮಾಡುತ್ತವೆ. ಬಟ್ಟೆಯೂ ಒಂದು ವಾದ್ಯ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಳುವವ: ನಿಮ್ಮ ಬ್ಯಾಂಡಿನ ಸಮವಸ್ತ್ರವೂ ಅದೇ ಸಾಲಿನದು. ಕೆಂಪು ಕೋಟು, ಭುಜದ ಮೇಲೆ ಬಂಗಾರದ ಬಣ್ಣದ ಜೂಲು, ಟೋಪಿಗೆ ಗರಿ.

ನುಡಿಸುವವ: ಆ ಕೋಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ಹಲಗಿ, ಶಹನಾಯಿ, ಬ್ಯಾಂಡು ನುಡಿಸುತ್ತ ಬಂದವರು ಹೆಚ್ಚಾಗಿ ದಲಿತರು, ಭಜಂತ್ರಿಗಳು, ಬಡ ಮುಸ್ಲಿಮರು. ಊರಿನ ಹೆಣಕ್ಕೆ, ಹಬ್ಬಕ್ಕೆ ಬಿಟ್ಟಿಯಾಗಿ ಹಲಗಿ ಬಾರಿಸಬೇಕಾಗಿದ್ದವರ ಮಕ್ಕಳು ಕೂಲಿ ಮಾತಾಡಿಕೊಂಡು, ಮುಂಗಡ ಇಸಿದುಕೊಂಡು, ಆ ಕೋಟು ಹಾಕಿ ಬೀದಿಗೆ ಬಂದರು. ಕೋಟು ತೊಟ್ಟ ಹೊತ್ತಿಗೆ ಬೆನ್ನು ನೆಟ್ಟಗಾಗುತ್ತದೆ. ಆದರೂ ಮದುವೆ ಮನೆಯಲ್ಲಿ ಊಟಕ್ಕೆ ಕೊನೆಯ ಪಂಕ್ತಿ ನಮ್ಮದೇ. ಮೆರವಣಿಗೆ ಮುಂದೆ ನಡೆಯುವವರು, ಊಟಕ್ಕೆ ಹಿಂದೆ ಉಳಿಯುವವರು. ನಾನು ಹಾಗೆ ಉಂಡವನು. ಹೀಗಾಗಿ ಮಿರುಗುವ ಬಟ್ಟೆಯನ್ನು ಯಾರಾದರೂ ಬರೀ ಆಡಂಬರ ಅಂದರೆ ನಾನು ಒಪ್ಪುವುದಿಲ್ಲ. ಅದು ಮಾನದ ಬಟ್ಟೆ.

ಕೇಳುವವ: ನ್ಯೂಯಾರ್ಕಿನ ಹುಡುಗರಿಗೆ ಜಾತಿಯ ಭಾರ ಇರಲಿಲ್ಲ. ಅವರು ಹೊತ್ತದ್ದು ಬೇರೆ ಅವಮಾನ, ಬೀದಿಯ ಬೈಗುಳ. ಎರಡನ್ನೂ ಒಂದೇ ತೂಕಕ್ಕೆ ಇಡುವುದು ತಪ್ಪಾದೀತು. ಆದರೆ ಒಂದು ಕಡೆ ಎರಡೂ ಕೂಡುತ್ತವೆ. ಕಡಿಮೆ ದುಡ್ಡಿನ ಮಂದಿ ರಾಜನ ಹಾಗೆ ಕಾಣಿಸಿಕೊಂಡು, ನನ್ನನ್ನು ನೋಡಿ, ನನ್ನನ್ನು ಕೇಳಿ ಅನ್ನುವುದು. ಈಗ ಸದ್ದಿನ ಮಾತಿಗೆ ಬರೋಣ. ಗ್ಯಾರೇಜ್ ಸಂಗೀತದ ಗುರುತು ಅಂದರೆ ಒಡೆದ ಸದ್ದು. 1964ರಲ್ಲಿ ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಕೊಯ್ದು, ಬೇಕೆಂದೇ ಸದ್ದು ಹರಿಯುವಂತೆ ಮಾಡಿದ. ಆ ಹರಿದ ಸದ್ದು ಒಂದು ತಲೆಮಾರಿನ ಗಿಟಾರಿಗೆ ಗುರುವಾಯಿತು.

ನುಡಿಸುವವ: ನಮ್ಮ ಬ್ಯಾಂಜೊ ಪಾರ್ಟಿಯಲ್ಲಿ ಬ್ಲೇಡ್ ಬೇಕಾಗಲೇ ಇಲ್ಲ. ನೀವು ಕಂಡಿದ್ದೀರಿ, ಅದು ಅಮೆರಿಕದ ಬ್ಯಾಂಜೊ ಅಲ್ಲ, ಬುಲ್‌ಬುಲ್ ತರಂಗ. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಉಕ್ಕಿನ ತಂತಿ, ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಶ್ರುತಿಯ ತಂತಿ ಪಕ್ಕದಲ್ಲೇ ಗುಂಯ್‌ಗುಡುತ್ತಿರುತ್ತದೆ. ಅದಕ್ಕೊಂದು ಪಿಕಪ್ ಕೂಡಿಸಿ, ಆಂಪ್ಲಿಫೈಯರಿಗೆ ಜೋಡಿಸಿ, ಗಾಡಿಯ ಮೇಲೆ ಕಟ್ಟಿದ ಲೋಹದ ಹಾರ್ನಿಗೆ ಕೊಟ್ಟರೆ ಬರುವ ಸದ್ದನ್ನು ನೀವು ಯಾವ ಗ್ಯಾರೇಜಿನಲ್ಲೂ ಕೇಳಲಾರಿರಿ.

ಕೇಳುವವ: ಆ ಸದ್ದು ಯಾಕೆ ಹಾಗೆ ಬರುತ್ತದೆ ಅನ್ನುವುದಕ್ಕೆ ಕಾರಣವಿದೆ. ಆಂಪ್ಲಿಫೈಯರಿಗೆ ಅದರ ಶಕ್ತಿಗೆ ಮೀರಿದ ಸಂಕೇತ ಕೊಟ್ಟಾಗ ಅಲೆಯ ತುದಿಗಳು ಕತ್ತರಿಸಿ ಹೋಗುತ್ತವೆ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೇಲಿನ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ಕಿವಿಗೆ ಅದು ದಪ್ಪ, ಒರಟು, ಬಿಸಿ ಅನ್ನಿಸುತ್ತದೆ. ಹಾರ್ನ್ ಸ್ಪೀಕರ್ ಮಾತಿನ ಧ್ವನಿಯನ್ನು ದೂರ ಒಯ್ಯಲು ಮಾಡಿದ್ದು. ಅದು ಕೆಳಗಿನ ಸ್ವರಗಳನ್ನು ಬಿಟ್ಟು ನಡುವಿನವನ್ನು ಚೂಪು ಮಾಡಿ ಎಸೆಯುತ್ತದೆ. ಡಾಲ್ಸ್ ಗಿಟಾರಿನ ಹಿಂದಿದ್ದುದೂ ಇದೇ ಭೌತಶಾಸ್ತ್ರ. ವಾದ್ಯದ ಕಥೆಯೂ ಅಷ್ಟೇ ಸೊಗಸು. ಬುಲ್‌ಬುಲ್ ತರಂಗದ ತಾಯಿ ಜಪಾನಿನ ತೈಶೋಗೊತೊ. 1912ರಲ್ಲಿ ನಗೋಯಾದ ಮೊರಿತಾ ಗೊರೊ ಮಾಡಿದ್ದು. ನಗೋಯಾದಿಂದ ಹೊರಟ ವಾದ್ಯ ಶಹಾಬಾದಿನ ಮದುವೆಗೆ ಬಂದು ನಮ್ಮದಾಯಿತು.

ನುಡಿಸುವವ: ಹಾಗಾದರೆ ಇಂಡಿಯಾದಲ್ಲಿ ಆ ಗಿಟಾರ್ ಥರದ ಗ್ಯಾರೇಜ್ ಬ್ಯಾಂಡ್ ಇರಲೇ ಇಲ್ಲವೇ?

ಕೇಳುವವ: ಇದ್ದವು. ಸಿಮ್ಲಾ ಅನ್ನುವ ಸಿಗರೇಟಿನ ಹೆಸರಿನಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ದೇಶಮಟ್ಟದ ಬೀಟ್ ಸ್ಪರ್ಧೆ ನಡೆಸಿ, 1970 ಮತ್ತು 1971ರ ಸ್ಪರ್ಧೆಗಳಿಂದ ಎರಡು ಎಲ್‌ಪಿ ತಟ್ಟೆಗಳನ್ನು ಹೊರತಂದಿತು. ನಗರಗಳ ಕಾಲೇಜು ಹುಡುಗರ ಬ್ಯಾಂಡುಗಳು ಅವು. ಹಾಡಿದ್ದು ಇಂಗ್ಲಿಷಿನಲ್ಲಿ, ಅದರಲ್ಲೂ ಅನೇಕ ಹಾಡು ಬೇರೆಯವರವು. ಬೆಂಗಳೂರಿನಲ್ಲಿ ಆಮೇಲೆ ರಾಕ್ ಗಟ್ಟಿಯಾಗಿ ಬೇರು ಬಿಟ್ಟಿತು. 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಶುರುವಾಯಿತು. ರಘು ದೀಕ್ಷಿತ್ ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಶಿಶುನಾಳ ಶರೀಫರನ್ನು ಗಿಟಾರಿಗೆ ತಂದರು, ಅವರ ಮೊದಲ ಆಲ್ಬಂ 2008ರದು. ಸ್ವರಾತ್ಮ ಬ್ಯಾಂಡಿನವರು ಬಣ್ಣದ ವೇಷದಲ್ಲೇ ವೇದಿಕೆಗೆ ಬರುತ್ತಾರೆ. ಆದರೆ ಒರಟುತನ ಮತ್ತು ಮೆರುಗು ಎರಡೂ ಒಟ್ಟಿಗೆ, ಟಿಕೆಟ್ ಇಲ್ಲದ ಬೀದಿಯಲ್ಲಿ, ಕೂಲಿಕಾರರ ಕೈಯಿಂದ ಬಂದದ್ದನ್ನು ಹುಡುಕಿದರೆ ನನಗೆ ಸಿಗುವುದು ನಿಮ್ಮ ಪಾರ್ಟಿಯೇ.

ನುಡಿಸುವವ: ನಮ್ಮೂರಿನ ಸದ್ದೇ ಬೇರೆ ಅಂತೀರಾ?

ಕೇಳುವವ: ಊರಿಗೂ ಸದ್ದಿಗೂ ಸಂಬಂಧ ಇದೆ. ಡೆಟ್ರಾಯಿಟ್ ಪಕ್ಕದಲ್ಲಿ ಬೆಳೆದ ಇಗ್ಗಿ ಪಾಪ್, ಹುಡುಗನಿದ್ದಾಗ ಫೋರ್ಡ್ ಕಾರ್ಖಾನೆಯಲ್ಲಿ ಲೋಹ ಒತ್ತುವ ಯಂತ್ರದ ಸದ್ದು ಕೇಳಿ ಬೆರಗಾದದ್ದನ್ನು ಹೇಳಿಕೊಂಡಿದ್ದಾರೆ. ಅವರ ಸ್ಟೂಜಸ್ ಬ್ಯಾಂಡಿನ ಮೊದಲ ಆಲ್ಬಂ 1969ರದು. ಒಂದೇ ತುಣುಕನ್ನು ಬಿಡದೆ ಬಡಿಯುವ ಅದರ ನಡೆಯಲ್ಲಿ ಆ ಯಂತ್ರ ಇದೆ ಅನ್ನಿಸುತ್ತದೆ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಆಮೇಲೆ ತಂತಿಗಳನ್ನೂ ಸಡಿಲ ಮಾಡಿಕೊಂಡ. ಬ್ಲ್ಯಾಕ್ ಸಬಾತ್ ಬ್ಯಾಂಡಿನ ಆ ಭಾರವಾದ ಸದ್ದಿನಲ್ಲಿ ಆ ಗಾಯದ ಪಾಲೂ ಇದೆ. ನಮ್ಮ ಸುತ್ತ ಏನಿದೆ ನೋಡಿ. ವಾಡಿಯಲ್ಲಿ ಎಸಿಸಿ ಸಿಮೆಂಟು, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ. ಕ್ರಷರ್, ಗೂಡು, ಕನ್ವೇಯರ್. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಾಗಿನಿಂದ ಈ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗಳ ಸದ್ದು ನಿಂತಿಲ್ಲ.

ನುಡಿಸುವವ: ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. ಪಾಲಿಶ್ ಮಶೀನಿನ ಮುಂದೆ ನಿಂತವನಿಗೆ ಆ ಸದ್ದು ಸಂಗೀತ ಅಲ್ಲ. ಸಂಜೆ ಮನೆಗೆ ಬಂದರೆ ಹೆಂಡತಿ ಮಾತಾಡಿದ್ದು ಕೇಳಿಸುವುದಿಲ್ಲ. ಧೂಳು ಎದೆಗೆ ಹೋಗುತ್ತದೆ. ಕಾರ್ಖಾನೆ ನಮಗೆ ತಾಳ ಕಲಿಸಿತು ಅಂದರೆ ಕೇಳಲು ಚೆಂದ, ಆದರೆ ನಮಗೆ ತಾಳ ಬಂದದ್ದು ಹಲಗಿಯಿಂದ. ಚಿತ್ತಾಪುರದಲ್ಲಿ ನಾಗಾವಿ ಯಲ್ಲಮ್ಮನ ಪಲ್ಲಕ್ಕಿ ಹೊರಟಾಗ, ಸೇಡಂನ ಕೊತ್ತಲ ಬಸವೇಶ್ವರ ಜಾತ್ರೆಯಲ್ಲಿ, ವಾಡಿ ಪಕ್ಕದ ಹಳಕರ್ಟಿ ವೀರಭದ್ರನ ಮುಂದೆ ಕಾಲು ತಾವೇ ಕಲಿತವು. ಗಡಿಯಾಚೆ ತಾಂಡೂರು, ಹೈದರಾಬಾದ್ ಕಡೆಯಿಂದ ತೀನ್‌ಮಾರ್ ಬಡಿತ ಬಂತು. ಕಾರ್ಖಾನೆ ಕೊಟ್ಟದ್ದು ಬೇರೆ. ಪಗಾರ ಬರುವ ಮನೆಗಳು ಹೆಚ್ಚಾದವು, ಮದುವೆಗೆ ಬ್ಯಾಂಡ್ ಕರೆಯುವ ತಾಕತ್ತು ಬಂತು. ಅದು ದೊಡ್ಡ ಮಾತು.

ಕೇಳುವವ: ಒಪ್ಪಿದೆ. ತೀನ್‌ಮಾರಿನ ಬೇರು ಇನ್ನೂ ದೂರದ್ದು. ನಿಜಾಮರ ಪಡೆಯಲ್ಲಿದ್ದ ಯೆಮನ್ನಿನ ಅರಬರು ಮತ್ತು ಆಫ್ರಿಕಾ ಮೂಲದ ಸಿದ್ದಿಗಳು ತಂದ ಮರ್ಫಾ ಬಡಿತ ಹೈದರಾಬಾದಿನ ಮದುವೆಗಳಲ್ಲಿ ಬೆಳೆಯಿತು. ಕಲಬುರಗಿ ಸೀಮೆಯೂ ಆಗ ಅದೇ ಸಂಸ್ಥಾನದಲ್ಲಿತ್ತು. ಈಗ ಡಾಲ್ಸ್ ಬದಲಾದ ಬಗೆ ಹೇಳುತ್ತೇನೆ, ಆಮೇಲೆ ನಿಮ್ಮ ಪಾರ್ಟಿ ಬದಲಾದ ಬಗೆ ನೀವು ಹೇಳಬೇಕು. 1973ರ ಆಲ್ಬಮ್ಮನ್ನು ಕೆಲವೇ ದಿನಗಳಲ್ಲಿ ಮುಗಿಸಿದರು. 1974ರ ಎರಡನೆಯದಕ್ಕೆ ಷ್ಯಾಡೊ ಮಾರ್ಟನ್ ನಿರ್ಮಾಪಕ. ಹತ್ತು ವರ್ಷ ಹಿಂದೆ ಹುಡುಗಿಯರ ಹಾಡುಗುಂಪಿಗೆ ನಾಟಕದಂಥ ಹಾಡು ಮಾಡಿ ಹೆಸರಾದವರು. ಆಲ್ಬಮ್ಮಿಗೆ ಹಿನ್ನೆಲೆಯ ಹೆಣ್ಣುದನಿ, ಸದ್ದಿನ ಚಮತ್ಕಾರ ಬಂದವು, ಹಳಬರ ಹಾಡುಗಳೂ ಕೆಲವು ಸೇರಿದವು. ಮಾರಾಟ ಆಗಲಿಲ್ಲ. 1975ರಲ್ಲಿ ಲಂಡನ್ನಿನ ಮಾಲ್ಕಮ್ ಮೆಕ್ಲಾರೆನ್ ಬ್ಯಾಂಡಿನವರಿಗೆಲ್ಲ ಕೆಂಪು ಚರ್ಮದ ಬಟ್ಟೆ ಹಾಕಿಸಿ, ಹಿಂದೆ ಕುಡುಗೋಲು-ಸುತ್ತಿಗೆಯ ಬಾವುಟ ಕಟ್ಟಿಸಿದರು. ಆ ವರ್ಷವೇ ಬ್ಯಾಂಡ್ ಒಡೆಯತೊಡಗಿತು. ಸಿಲ್ವೇನ್‌ನ ಗಿಟಾರನ್ನು ಮೆಕ್ಲಾರೆನ್ ಲಂಡನ್ನಿಗೆ ಒಯ್ದರು. ಅದು ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಸ್ಟೀವ್ ಜೋನ್ಸ್ ಕೈ ಸೇರಿತು. ಬ್ಯಾಂಡ್ ನಿಂತರೂ ಸದ್ದು ಬೇರೆ ಕೈಗೆ ದಾಟಿತು.

ನುಡಿಸುವವ: ಮೊದಲ ಆಲ್ಬಂ ಬ್ಯಾಂಡಿನವರಿಗೇ ಒಪ್ಪಿಗೆಯಾಯಿತೇ?

ಕೇಳುವವ: ಎಲ್ಲರಿಗೂ ಇಲ್ಲ. ಮಿಕ್ಸಿಂಗ್ ಬಗ್ಗೆ ಥಂಡರ್ಸ್‌ಗೆ ಅಸಮಾಧಾನ ಇತ್ತು. ಇಂಥ ಜಗಳಕ್ಕೆ ದೊಡ್ಡ ಉದಾಹರಣೆ ಸ್ಟೂಜಸ್‌ನ 1973ರ ಆಲ್ಬಂ, ರಾ ಪವರ್. ಅದನ್ನು ಕೊನೆಯಲ್ಲಿ ಮಿಕ್ಸ್ ಮಾಡಿದವರು ಗಾಯಕ ಡೇವಿಡ್ ಬೋವಿ. ಗಿಟಾರ್ ಮತ್ತು ಗಂಟಲು ಮುಂದೆ ಬಂದವು, ಡ್ರಮ್ ಮತ್ತು ಬೇಸ್ ತೆಳ್ಳಗಾದವು. 1997ರಲ್ಲಿ ಇಗ್ಗಿ ಅದೇ ಮುದ್ರಣವನ್ನು ತಾನೇ ಹೊಸದಾಗಿ ಮಿಕ್ಸ್ ಮಾಡಿದರು. ಎಲ್ಲವೂ ಅತಿ ಜೋರು, ಎಲ್ಲವೂ ಒಡೆದ ಸದ್ದು. ನುಡಿಸಿದ್ದು ಒಂದೇ ಸಲ, ಸದ್ದು ಎರಡು. ಯಾವುದು ನಿಜವಾದದ್ದು ಅಂತ ಕೇಳುಗರು ಇಂದಿಗೂ ವಾದ ಮಾಡುತ್ತಾರೆ.

ನುಡಿಸುವವ: ಈ ವಾದಕ್ಕೆ ನನ್ನ ಕೆಲಸದಲ್ಲೇ ಉತ್ತರ ಇದೆ. ಶಹಾಬಾದ್ ಕಲ್ಲು ಗಣಿಯಿಂದ ಪದರ ಪದರವಾಗಿ ಏಳುತ್ತದೆ. ಒರಟಾಗಿಯೇ ಹಾಸಿದರೆ ಅಂಗಳಕ್ಕೆ, ಬಚ್ಚಲಿಗೆ ಒಳ್ಳೆಯದು, ಕಾಲು ಜಾರುವುದಿಲ್ಲ. ಪಾಲಿಶ್ ಹಾಕಿದರೆ ಪಡಸಾಲೆಗೆ, ಅದರ ಒಳಗಿನ ನೀಲಿ-ಬೂದು ಬಣ್ಣ ಹೊರಬರುತ್ತದೆ. ಕಲ್ಲು ಒಂದೇ. ಪಾಲಿಶ್ ಹಾಕಿದ್ದಕ್ಕೆ ಕಲ್ಲು ಸುಳ್ಳಾಗುವುದಿಲ್ಲ, ಹಾಕದ್ದಕ್ಕೆ ಕೀಳಾಗುವುದಿಲ್ಲ. ಎಲ್ಲಿ ಹಾಸುತ್ತೀರಿ ಅನ್ನುವುದು ಪ್ರಶ್ನೆ. ಬೀದಿಯ ಮೆರವಣಿಗೆಗೆ ಒರಟು ಸದ್ದೇ ಬೇಕು. ಮನೆಯಲ್ಲಿ ಕೂತು ಕೇಳುವವರಿಗೆ ಸ್ವರ ಬಿಡಿಬಿಡಿಯಾಗಿ ಕೇಳಿಸಬೇಕು.

ಕೇಳುವವ: ಹಾಗಾದರೆ ಬ್ಯಾಂಡ್ ಬದಲಾಗುವುದರಲ್ಲಿ ನಿಮಗೆ ದ್ರೋಹ ಕಾಣುವುದಿಲ್ಲ.

ನುಡಿಸುವವ: ಹೇಗೆ ಕಂಡೀತು? ನಮ್ಮ ಕಥೆ ಕೇಳಿ. ನಮ್ಮ ಹಿರಿಯರ ಕಾಲದಲ್ಲಿ ಹಿತ್ತಾಳೆ ಬ್ಯಾಂಡು. ಕ್ಲಾರಿಯೊನೆಟ್ ಮುಂದಾಳು, ಹಿಂದೆ ಕಾರ್ನೆಟ್, ದೊಡ್ಡ ಬಾಯಿಯ ತುತ್ತೂರಿ, ಸೈಡ್ ಡ್ರಮ್, ಎದೆಗೆ ಕಟ್ಟಿದ ದೊಡ್ಡ ಡ್ರಮ್. ಒಂದು ಪಾರ್ಟಿ ಅಂದರೆ ಹತ್ತು-ಹದಿನೈದು ಮಂದಿ, ಅಷ್ಟು ಮನೆಗೆ ಅನ್ನ. ವಾದ್ಯಗಳು ಮೀರತ್ ಕಡೆಯಿಂದ ಬರುತ್ತಿದ್ದವು. ಆಮೇಲೆ ಬ್ಯಾಂಜೊ ಬಂತು. ಒಂದು ತಂತಿವಾದ್ಯ, ಒಂದು ಆಂಪ್ಲಿಫೈಯರ್ ಸೇರಿದರೆ ಐದು ಕಾರ್ನೆಟ್ಟಿನಷ್ಟು ಸದ್ದು. ಆಗ ಹಿತ್ತಾಳೆಯವರು ನಮ್ಮನ್ನು ಬೈದರು, ಊದುವ ದಮ್ಮಿಲ್ಲದವರು ಕರೆಂಟು ಹಿಡಿದರು ಅಂದರು. ಮುಂದೆ ಕ್ಯಾಸಿಯೊ ಕೀಬೋರ್ಡ್, ರೋಲ್ಯಾಂಡ್ ಆಕ್ಟೊಪ್ಯಾಡ್ ಬಂದವು. ಒಂದು ಪ್ಯಾಡಿನಲ್ಲಿ ಡೋಲಕ್ಕೂ ಇದೆ, ಹಲಗಿಯೂ ಇದೆ, ಚಪ್ಪಾಳೆಯೂ ಇದೆ. ಆಗ ಬ್ಯಾಂಜೊದವರು ಕೀಬೋರ್ಡಿನವರನ್ನು ಬೈದರು. ನಾನು ಎರಡೂ ಕಲಿತೆ. ಕೀಬೋರ್ಡ್ ಬಂದ ಮೇಲೆ ಶಹನಾಯಿಯ ಎಳೆತವನ್ನು ನುಡಿಸಲು ನನಗೆ ಮೊದಲ ಸಲ ಸಾಧ್ಯವಾಯಿತು. ಬ್ಯಾಂಜೊದಲ್ಲಿ ಸ್ವರ ಮೀಟಿದ ಕೂಡಲೇ ಸಾಯುತ್ತದೆ, ಅದಕ್ಕೇ ಓಡುತ್ತಲೇ ಇರಬೇಕು. ಒಂದೊಂದು ವಾದ್ಯ ಒಂದೊಂದು ಓಟ ಕಲಿಸುತ್ತದೆ.

ಕೇಳುವವ: ಹಾಗಾದರೆ ಗೆರೆ ಎಲ್ಲಿ ಎಳೆಯುತ್ತೀರಿ? ಈಗ ಡಿಜೆ ಬಂದಿದೆ. ಅದೂ ಮುಂದಿನ ಹೆಜ್ಜೆ ಅನ್ನಬೇಕಲ್ಲವೇ?

ನುಡಿಸುವವ: ಅಲ್ಲಿ ಎಳೆಯುತ್ತೇನೆ ಗೆರೆ. ಹಿತ್ತಾಳೆಯಿಂದ ಕೀಬೋರ್ಡಿನ ತನಕ ಮದುಮಗ ನಿಂತರೆ ನಾವು ನಿಂತೆವು, ಕುಣಿಯುವವರಿಗೆ ಹುರುಪು ಬಂದರೆ ನಡೆ ಏರಿಸಿದೆವು, ಮುದುಕಿಯೊಬ್ಬಳು ಕೈ ಎತ್ತಿದರೆ ಅವಳ ಕಾಲಿನ ನಡೆಗೆ ಇಳಿಸಿದೆವು. ನುಡಿಸುವವನ ಕಣ್ಣು ಕುಣಿಯುವವನ ಕಾಲಿನ ಮೇಲಿತ್ತು. ಡಿಜೆ ಗಾಡಿಯಲ್ಲಿ ಎಲ್ಲೋ ಯಾರೋ ಮಾಡಿಟ್ಟ ಸದ್ದು ಒಂದೇ ನಡೆಯಲ್ಲಿ ಹೋಗುತ್ತದೆ. ಜನ ಅದಕ್ಕೆ ಹೊಂದಿಕೊಳ್ಳಬೇಕು, ಅದು ಜನರಿಗೆ ಹೊಂದುವುದಿಲ್ಲ. ಯಂತ್ರ ಬಂತು ಅನ್ನುವುದು ನನ್ನ ತಕರಾರಲ್ಲ, ನಾನೂ ಯಂತ್ರವನ್ನೇ ನುಡಿಸುತ್ತೇನೆ. ಕೈ ಹೋಯಿತು ಅನ್ನುವುದು ತಕರಾರು.

ಕೇಳುವವ: ಡಿಜೆಯಲ್ಲೂ ಕೈಚಳಕ ಇದೆ ಅನ್ನುವವರಿದ್ದಾರೆ. ನ್ಯೂಯಾರ್ಕಿನ ಬಡ ಬೀದಿಗಳಲ್ಲೇ ಎರಡು ತಟ್ಟೆಗಳನ್ನು ಬೆರಳಿನಿಂದ ತಿರುಗಿಸಿ ಹಿಪ್ ಹಾಪ್ ಹುಟ್ಟಿಸಿದರು, 1970ರ ದಶಕದಲ್ಲಿ.

ನುಡಿಸುವವ: ಬೆರಳು ಆಡಿಸುವವನು ನನ್ನವನೇ. ಅಂಥವನು ನಮ್ಮ ಊರಲ್ಲಿ ಹುಟ್ಟಿದರೆ ಅವನ ಪಕ್ಕದಲ್ಲಿ ನಾನು ಬ್ಯಾಂಜೊ ಹಿಡಿದು ನಿಲ್ಲುತ್ತೇನೆ. ನಾನು ಹೇಳುತ್ತಿರುವುದು ಗುಂಡಿ ಒತ್ತಿ ಬಿಡುವ ಗಾಡಿಯ ಬಗ್ಗೆ. ಎದೆ ನಡುಗಿಸುವ ಆ ಸದ್ದಿಗೆ ಕಿಟಕಿ ಅದುರುತ್ತದೆ, ಹಸುಗೂಸು, ಹೃದಯದ ರೋಗಿ ತತ್ತರಿಸುತ್ತಾರೆ.

ಕೇಳುವವ: ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಈ ಮಿತಿಯ ಮುಂದೆ ಹಾರ್ನ್ ಕಟ್ಟಿದ ನಿಮ್ಮ ಬ್ಯಾಂಜೊ ಕೂಡ ಆರೋಪಿಯೇ.

ನುಡಿಸುವವ: ಹೌದು, ನಾವೂ ಇಳಿಸಬೇಕು. ಒರಟು ಬೇರೆ, ಜೋರು ಬೇರೆ. ಒರಟು ಸದ್ದನ್ನು ಕಡಿಮೆ ಜೋರಿನಲ್ಲೂ ತರಬಹುದು. ಡೇವ್ ಡೇವಿಸ್ ಕೊಯ್ದದ್ದು ಚಿಕ್ಕ ಆಂಪ್ಲಿಫೈಯರ್ ಅಂದಿರಲ್ಲ, ಅದರಲ್ಲೇ ಪಾಠ ಇದೆ. ಆಸ್ಪತ್ರೆ ದಾಟುವಾಗ ಹಾರ್ನ್ ಆರಿಸಿ ಬರೀ ಹಲಗಿ, ಬರೀ ತಂತಿ ನುಡಿಸುತ್ತ ಹೋದರೆ ಮೆರವಣಿಗೆಯ ಮಾನವೇನೂ ಹೋಗುವುದಿಲ್ಲ.

ಕೇಳುವವ: ಡಾಲ್ಸ್ ಕಥೆಯ ಕೊನೆಯ ಭಾಗ ಹೇಳುತ್ತೇನೆ. 2004ರಲ್ಲಿ ಲಂಡನ್ನಿನ ಮೆಲ್ಟ್‌ಡೌನ್ ಉತ್ಸವಕ್ಕೆ ಗಾಯಕ ಮಾರಿಸ್ಸಿ ಈ ಬ್ಯಾಂಡಿನವರನ್ನು ಮತ್ತೆ ಸೇರಿಸಿದರು. ಮೊದಲ ಡ್ರಮ್ಮರ್ ಬಿಲ್ಲಿ ಮರ್ಸಿಯಾ 1972ರಲ್ಲೇ ತೀರಿಕೊಂಡಿದ್ದರು, ಥಂಡರ್ಸ್ 1991ರಲ್ಲಿ, ಎರಡನೆಯ ಡ್ರಮ್ಮರ್ ಜೆರ್ರಿ ನೋಲನ್ 1992ರಲ್ಲಿ. ಉಳಿದಿದ್ದವರು ಮೂವರು. ಆ ಕಛೇರಿ ಮುಗಿದು ಕೆಲವೇ ವಾರಗಳಲ್ಲಿ ಬೇಸ್ ವಾದಕ ಆರ್ಥರ್ ಕೇನ್ ಹೋದರು. ಇಬ್ಬರೇ ಉಳಿದರೂ ಹೊಸಬರನ್ನು ಕೂಡಿಕೊಂಡು 2006, 2009, 2011ರಲ್ಲಿ ಹೊಸ ಆಲ್ಬಂ ಮಾಡಿದರು. 2021ರಲ್ಲಿ ಸಿಲ್ವೇನ್, 2025ರ ಫೆಬ್ರುವರಿಯಲ್ಲಿ ಜೊಹಾನ್ಸನ್ ತೀರಿಕೊಂಡರು. ಈಗ ಆ ಸಾಲಿನವರು ಯಾರೂ ಇಲ್ಲ. ಸದ್ದು ಮಾತ್ರ ಉಳಿದಿದೆ, ಯಾಕೆಂದರೆ ಮುದ್ರಣ ಆಗಿತ್ತು. 1973ರಲ್ಲಿ ಎಡವಿದ ಜಾಗ, 2009ರಲ್ಲಿ ಮಾಗಿದ ಜಾಗ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೀವು ಶಹಾಬಾದಿನಲ್ಲಿ ಕೂತು ತೂಗಿದಿರಿ.

ನುಡಿಸುವವ: ಅದೇ ನನ್ನ ಎದೆಗೆ ಚುಚ್ಚಿದ್ದು. ನಮ್ಮ ಹಿತ್ತಾಳೆ ಕಾಲದ ಸದ್ದು ಎಲ್ಲಿದೆ? ಕ್ಲಾರಿಯೊನೆಟ್‌ನಲ್ಲಿ ಜನರನ್ನು ಅಳಿಸುತ್ತಿದ್ದ ಹಿರಿಯರು ಹೋದರು, ಅವರ ಒಂದು ಸ್ವರವೂ ನಮ್ಮಲ್ಲಿಲ್ಲ. ಮದುವೆ ವಿಡಿಯೊದಲ್ಲಿ ಬ್ಯಾಂಡು ಬಂದ ಜಾಗಕ್ಕೆ ಸಿನಿಮಾ ಹಾಡಿನ ಮುದ್ರಣವನ್ನೇ ಅಂಟಿಸುತ್ತಾರೆ. ನಾವು ಬಾಯಿ ಉಬ್ಬಿಸಿ ಊದುತ್ತಿರುವುದು ಕಾಣುತ್ತದೆ, ಕೇಳುವುದು ಬೇರೆಯವರ ಸದ್ದು. ಸಮವಸ್ತ್ರ ಉಳಿಯಿತು, ಸದ್ದು ಉಳಿಯಲಿಲ್ಲ.

ಕೇಳುವವ: ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳಲೇ? ನಿಮ್ಮ ವಾದ್ಯ ಇಷ್ಟು ಸಲ ಬದಲಾಯಿತು, ಹಾಡು ಬದಲಾಗಲಿಲ್ಲ. ಹಿತ್ತಾಳೆಯಲ್ಲೂ ಸಿನಿಮಾ ಹಾಡು, ಬ್ಯಾಂಜೊದಲ್ಲೂ ಸಿನಿಮಾ ಹಾಡು, ಪ್ಯಾಡಿನಲ್ಲೂ ಅದೇ. ಡಾಲ್ಸ್ ಹಳಬರ ಹಾಡು ನುಡಿಸಿದರು ನಿಜ, ಆದರೆ ತಮ್ಮ ಬೀದಿಯ ಹಾಡನ್ನೂ ತಾವೇ ಕಟ್ಟಿದರು. ಆ ಬ್ಯಾಂಡು ಬದುಕಿ ಉಳಿದದ್ದು ಆ ಹಾಡುಗಳಿಂದ.

ನುಡಿಸುವವ: ಮಾತು ಖರೇ. ಕೂಲಿ ಕೊಡುವವರು ಕೇಳಿದ್ದನ್ನು ನುಡಿಸಬೇಕು, ಅದು ನಮ್ಮ ಕಟ್ಟು. ಆದರೆ ಸ್ವಂತ ಹಾಡು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬೇಡಿ. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿ ಮೆರವಣಿಗೆಯಲ್ಲಿ ಭೀಮಗೀತೆ ನುಡಿಸುವಾಗ ನಮ್ಮ ಹುಡುಗರ ಕೈಯೇ ಬೇರೆ. ಯಾವ ಹಲಗಿಯನ್ನು ಬಿಟ್ಟಿ ಚಾಕರಿ ಅಂತ ದಲಿತ ಚಳವಳಿ ಪ್ರಶ್ನಿಸಿತೋ ಅದೇ ಹಲಗಿ ಅಲ್ಲಿ ತಲೆಯೆತ್ತಿ ನುಡಿಯುತ್ತದೆ. ಮೊಹರಂ ಪದ ಇವೆ, ತತ್ವಪದ ಇವೆ, ಲಂಬಾಣಿ ಹಾಡು ಇವೆ. ಇವನ್ನು ಬ್ಯಾಂಜೊಕ್ಕೆ ತಂದು, ಇವುಗಳ ಪಕ್ಕದಲ್ಲಿ ಹೊಸ ಮಾತು ಕಟ್ಟುವವರು ಬೇಕು. ಗಣಿಯ ಮಾತು, ಧೂಳಿನ ಮಾತು, ಪುಣೆ-ಮುಂಬೈಗೆ ದುಡಿಯಲು ಹೋದ ತಮ್ಮನ ಮಾತು. ನಮ್ಮ ಕನ್ನಡದಲ್ಲೇ, ಉರ್ದು-ತೆಲುಗು ಬೆರೆತ ನಮ್ಮ ಬಾಯಿಯ ಕನ್ನಡದಲ್ಲೇ.

ಕೇಳುವವ: ಶಾಲೆ ಕಲಿಯದ ನಾವು ಹಾಡು ಕಟ್ಟುವುದು ಹೇಗೆ ಅಂತ ನಿಮ್ಮ ಹುಡುಗರು ಕೇಳಿದರೆ ಮಳಖೇಡದ ಕಡೆ ಕೈ ತೋರಿಸಿ. ಸೇಡಂ ತಾಲ್ಲೂಕಿನ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ಕವಿರಾಜಮಾರ್ಗ, ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದಲ್ಲಿ ಪಳಗಿದವರು ಅಂತ ಮೆಚ್ಚಿ ಹೇಳಿದೆ. ಪಳಗಿರುವುದು ಅನ್ನುವಲ್ಲಿ ಒತ್ತು ಇದೆ. ಓದು ಇಲ್ಲದಿದ್ದರೂ ನಡೆದೀತು, ಪಳಗದೆ ನಡೆಯುವುದಿಲ್ಲ. ಗ್ಯಾರೇಜ್ ಮತ್ತು ಪಂಕ್ ಹುಡುಗರೂ ನಂಬಿದ್ದು ಅದನ್ನೇ. ಸಂಗೀತ ಶಾಲೆಯ ಪ್ರಮಾಣಪತ್ರ ಬೇಡ, ದಿನವೂ ಶೆಡ್ಡಿನಲ್ಲಿ ಕೂಡಿ ನುಡಿಸಬೇಕು.

ನುಡಿಸುವವ: ಆಷಾಢದಲ್ಲಿ ಮದುವೆ ಇರುವುದಿಲ್ಲ, ನಮ್ಮ ವಾದ್ಯ ಗೋಡೆಗೆ ನೇತಾಡುತ್ತವೆ. ಹಾಡು ಕಟ್ಟಲು ಅದೇ ತಕ್ಕ ಕಾಲ. ಹುಡುಗರನ್ನು ಕೂಡಿಸುತ್ತೇನೆ. ಕಾಲೇಜಿನಲ್ಲಿ ಗಿಟಾರ್ ಹಿಡಿದವರೂ ಬರಲಿ. ಬ್ಯಾಂಜೊ, ಹಲಗಿ, ಗಿಟಾರ್ ಒಂದೇ ಶೆಡ್ಡಿನಲ್ಲಿ ಕೂತರೆ ಏನು ಹುಟ್ಟುತ್ತದೋ ನೋಡೋಣ. ನಮ್ಮ ಕೋಟುಗಳನ್ನು ಮಾತ್ರ ಬಿಡುವುದಿಲ್ಲ.

ಕೇಳುವವ: ಬಿಡಬೇಡಿ. ಮುದ್ರಣದ ಕೆಲಸ ನನಗಿರಲಿ. ಫೋನ್ ಸಾಕು, ಸ್ಟುಡಿಯೊ ಬೇಕಿಲ್ಲ. ಪ್ರತಿ ಹಾಡಿನ ಜೊತೆ ಯಾರು ಏನು ನುಡಿಸಿದರು, ಯಾವ ಊರು, ಯಾವ ದಿನ ಅಂತ ಬರೆದಿಡುತ್ತೇನೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಪಾರ್ಟಿಗಳ ಹಿರಿಯರು ಇನ್ನೂ ನುಡಿಸುವ ಸ್ಥಿತಿಯಲ್ಲಿರುವಾಗಲೇ ಅವರ ಹತ್ತಿರವೂ ಹೋಗಬೇಕು.

ನುಡಿಸುವವ: ನಿಮ್ಮಂಥ ಕೇಳುಗರಿಗೂ, ಇದನ್ನು ಓದುವವರಿಗೂ ನನ್ನದೊಂದು ಕೋರಿಕೆ. ಮನೆಯಲ್ಲಿ ಮದುವೆ ಇದ್ದರೆ ನಿಮ್ಮ ಊರಿನ ಬ್ಯಾಂಡ್ ಪಾರ್ಟಿಯನ್ನು ಕರೆಯಿರಿ. ಮಾತಾಡಿದ ಕೂಲಿ ಪೂರ್ತಿ ಕೊಡಿ, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂಡಿಸಿ, ಒಂದು ಹಾಡಾದರೂ ಅವರದೇ ನುಡಿಸಲು ಹೇಳಿ. ನುಡಿಸಿದ ಸದ್ದನ್ನೇ ನಿಮ್ಮ ವಿಡಿಯೊದಲ್ಲಿ ಉಳಿಸಿ, ನುಡಿಸಿದವರ ಹೆಸರು ಹಾಕಿ.